ಪೇಟೆಯ ಮಳೆನೀರು ಕೆರೆಗೆ ಇಳಿಯುವ ಮೊದಲು ಒಂದು ಸೋಸುಪಾತಿ



ಭರಣಿ ಮಳೆಯೋ ಕೃತ್ತಿಕೆ ಮಳೆಯೋ ಮೊದಲ ಸಲ ಜೋರಾಗಿ ಬಿದ್ದ ಮರುದಿನ ಕೆರೆಗೆ ನೀರು ಬಂತೆಂದು ಊರಿಗೆಲ್ಲ ಸಂತೋಷ. ಆ ನೀರು ಎಲ್ಲೆಲ್ಲಿ ಹಾದು ಬಂತು ಎಂದು ನೋಡುವವರು ಕಡಿಮೆ. ಹಿಂದೆ ಅದು ಹೊಲ, ಗೋಮಾಳ, ಗುಡ್ಡದ ಮೇಲಿಂದ ಹರಿದು ಬರುತ್ತಿತ್ತು. ದಾರಿಯಲ್ಲಿ ಹುಲ್ಲು ತಡೆಯುತ್ತಿತ್ತು, ಮಣ್ಣು ಒಂದಷ್ಟು ಕುಡಿಯುತ್ತಿತ್ತು, ಉಳಿದದ್ದು ಕೆರೆಗೆ ಬರುತ್ತಿತ್ತು. ಈಗ ಪಟ್ಟಣದ ಅಂಚಿನ ಊರುಗಳಲ್ಲಿ ಕೆರೆಯ ಮೇಲ್ಭಾಗವೆಲ್ಲ ಬಡಾವಣೆ, ಕಾಂಕ್ರೀಟ್ ರಸ್ತೆ, ಬಸ್ ನಿಲ್ದಾಣ, ಗ್ಯಾರೇಜು, ಸಂತೆ ಮೈದಾನ. ಬೇಸಿಗೆಯಿಡೀ ಅಲ್ಲಿ ಬಿದ್ದ ಧೂಳು, ಎಂಜಿನ್ ಆಯಿಲ್, ಟೈರು ಸವೆದ ಪುಡಿ, ನಾಯಿ ಹೇಲು, ಕೋಳಿ ಅಂಗಡಿಯ ಕಸ ಎಲ್ಲವನ್ನೂ ಮೊದಲ ಅರ್ಧ ಗಂಟೆಯ ಮಳೆ ಗುಡಿಸಿಕೊಂಡು ಚರಂಡಿಗೆ ಹಾಕುತ್ತದೆ, ಚರಂಡಿ ನೇರವಾಗಿ ಕೆರೆಗೆ ಹಾಕುತ್ತದೆ. ಅದೇ ಕೆರೆಯಲ್ಲಿ ನಮ್ಮ ರಾಸುಗಳು ಇಳಿದು ನೀರು ಕುಡಿಯುತ್ತವೆ.

ಹಳ್ಳಿಗೆ ಹೋದಾಗ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ, "ಡಾಕ್ಟ್ರೇ, ಕೆರೆ ನೀರು ತಿಳಿಯಾಗಿದೆಯಲ್ಲ, ಕುಡಿಸಿದರೆ ಏನಾಗುತ್ತೆ?" ಅದಕ್ಕೆ ಉತ್ತರ ಕೊಡುವ ಮೊದಲು ಆ ನೀರನ್ನು ಕೆರೆಯ ಬಾಗಿಲಲ್ಲೇ ಮಣ್ಣು ಮರಳಿನಲ್ಲಿ ಸೋಸುವ ಒಂದು ವಿಧಾನದ ಬಗ್ಗೆ ಹೇಳಬೇಕು. ಇದಕ್ಕೆ ಕನ್ನಡದಲ್ಲಿ ಒಂದು ಹೆಸರು ಇನ್ನೂ ನಿಂತಿಲ್ಲ. ಸೋಸುಪಾತಿ ಎನ್ನೋಣ. ಹೂವಿನ ಪಾತಿಯಂತೆಯೇ ಕಾಣುವ, ಆದರೆ ನೆಲಮಟ್ಟಕ್ಕಿಂತ ಒಂದು ಗೇಣು ತಗ್ಗಿನಲ್ಲಿರುವ, ಒಳಗೆ ಅಳತೆ ಪ್ರಕಾರ ಮರಳು ಮತ್ತು ಸಾವಯವ ಪದಾರ್ಥ ತುಂಬಿದ ಗುಂಡಿ ಅದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1990ರ ಸುಮಾರಿಗೆ ಬಡಾವಣೆಗಳ ಮಳೆನೀರಿಗೆಂದು ಇದನ್ನು ಶುರು ಮಾಡಿದರು. ಈಗ ಬೇರೆ ಬೇರೆ ದೇಶಗಳ ನಗರಗಳಲ್ಲಿ ರಸ್ತೆ ಬದಿಯಲ್ಲೇ ಇವು ಇವೆ.

ಇದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ ನಾನು ಮೊದಲು ಹೇಳುವುದು ಒಂದು ಮೀನಿನ ವಿಷಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ಎಂಬ ನಗರ ಇದೆ. ಅಲ್ಲಿನ ಸಣ್ಣ ಹಳ್ಳಗಳಿಗೆ ಕೋಹೋ ಸಾಲ್ಮನ್ ಎಂಬ ಮೀನು ಪ್ರತಿ ವರ್ಷ ಸಮುದ್ರದಿಂದ ಮೊಟ್ಟೆಯಿಡಲು ಮೇಲೇರಿ ಬರುತ್ತದೆ. ನಗರದೊಳಗಿನ ಹಳ್ಳಗಳನ್ನು ಸರಿಮಾಡಿ, ಕಸ ತೆಗೆದು, ಮೀನು ಮತ್ತೆ ಬರುವಂತೆ ಮಾಡಿದರು. ಮೀನು ಬಂತು. ಆದರೆ ಮಳೆ ಬಿದ್ದ ಕೂಡಲೇ ಅವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದು, ತೂಕ ತಪ್ಪಿ ವಾಲುವುದು, ಕೆಲವೇ ಗಂಟೆಗಳಲ್ಲಿ ಸಾಯುವುದು ಶುರುವಾಯಿತು. ಹೆಣ್ಣು ಮೀನುಗಳ ಹೊಟ್ಟೆ ಕೊಯ್ದು ನೋಡಿದರೆ ಮೊಟ್ಟೆ ತುಂಬಿಕೊಂಡೇ ಇತ್ತು. ರೋಗವೇ, ನೀರಿನ ಬಿಸಿಯೇ, ಗಾಳಿ ಸಾಲದೆಯೇ ಎಂದು ಒಂದೊಂದನ್ನೇ ಪರೀಕ್ಷಿಸಿ ಬಿಟ್ಟರು. ಕೊನೆಗೆ ಹೆದ್ದಾರಿಯಿಂದ ಹರಿದ ಮಳೆನೀರನ್ನೇ ಹಿಡಿದು ತೊಟ್ಟಿಗೆ ತುಂಬಿ ಅದರಲ್ಲಿ ಮೀನು ಬಿಟ್ಟರು. ಒಂದು ದಿನದೊಳಗೆ ಸತ್ತವು. ಅದೇ ನೀರನ್ನು ಮರಳು, ಕಾಂಪೋಸ್ಟ್, ಮರದ ತೊಗಟೆ ಚೂರು ತುಂಬಿದ ಪೀಪಾಯಿಯಲ್ಲಿ ಇಳಿಸಿ ಸೋಸಿದ ಮೇಲೆ ಬಿಟ್ಟರು. ಎಲ್ಲವೂ ಬದುಕಿದವು. ಇದು 2015ರಲ್ಲಿ ಪ್ರಕಟವಾದ ಪ್ರಯೋಗ.

ಕೊಂದದ್ದು ಯಾವ ವಸ್ತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 2020ರ ಡಿಸೆಂಬರ್‌ನಲ್ಲಿ. ಟೈರು ಬಿಸಿಲು ಗಾಳಿಗೆ ಬಿರುಕು ಬಿಡದಿರಲೆಂದು ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕ ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಇನ್ನೊಂದಾಗಿ ಬದಲಾಗುತ್ತದೆ. ಟೈರು ಸವೆದ ಪುಡಿಯಿಂದ ಅದು ನೀರಿಗೆ ಇಳಿಯುತ್ತದೆ. ಅದೇ ಆ ಮೀನಿಗೆ ವಿಷ. ವಿಜ್ಞಾನಿಗಳು ಅದಕ್ಕೊಂದು ಹೆಸರು ಹಿಡಿಯುವ ಐದು ವರ್ಷ ಮೊದಲೇ ಮಣ್ಣು ಅದನ್ನು ಹಿಡಿದಿತ್ತು. ಈ ವಿಧಾನದ ಬಗ್ಗೆ ನನಗೆ ನಂಬಿಕೆ ಬಂದದ್ದು ಇಲ್ಲಿಂದ. ರಸ್ತೆ ನೀರಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ಒಂದೊಂದಕ್ಕೂ ಒಂದೊಂದು ಔಷಧಿ ಹುಡುಕುವ ಶಕ್ತಿ ನಮ್ಮ ಪಂಚಾಯಿತಿಗಳಿಗಿಲ್ಲ. ಗುಂಡಿ ತೋಡುವ ಶಕ್ತಿ ಇದೆ.

ಹಾಗೆಂದು ಹೆದರಿಕೆ ಹುಟ್ಟಿಸಲಾರೆ. ಅದೇ ಹಳ್ಳಕ್ಕೆ ಬರುವ ಚಮ್ ಎಂಬ ಇನ್ನೊಂದು ಸಾಲ್ಮನ್ ಜಾತಿಗೆ ಅದೇ ನೀರಿನಲ್ಲಿ ಏನೂ ಆಗಲಿಲ್ಲ. ಒಂದು ಪ್ರಾಣಿಗೆ ವಿಷವಾದದ್ದು ಇನ್ನೊಂದಕ್ಕೆ ಆಗಬೇಕೆಂದಿಲ್ಲ. ಹಸು ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯಲಾರದು, ಇದು ಕುರಿ ಸಾಕಿದವರಿಗೆ ಗೊತ್ತು. ಟೈರು ಪುಡಿಯಿಂದ ಹಸು ಸಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಣ್ಣು ಹೇಗೆ ಹಿಡಿಯುತ್ತದೆ? ಡೇರಿಗೆ ಹಾಕುವ ಮೊದಲು ನೀವು ಹಾಲನ್ನು ಬಟ್ಟೆಯಲ್ಲಿ ಸೋಸುತ್ತೀರಿ. ಕೂದಲು, ಹುಲ್ಲುಕಡ್ಡಿ, ಸಗಣಿ ಚೂರು ಬಟ್ಟೆಯ ಮೇಲೆ ನಿಲ್ಲುತ್ತವೆ. ಕಣ್ಣಿಗೆ ಕಾಣದ್ದು ಇಳಿದುಹೋಗುತ್ತದೆ, ಅದಕ್ಕೇ ಸೋಸಿದ ಹಾಲೂ ಹುಳಿಯಾಗುತ್ತದೆ. ಸೋಸುಪಾತಿ ಮಾಡುವ ಮೊದಲ ಕೆಲಸ ಈ ಬಟ್ಟೆಯ ಕೆಲಸವೇ. ಧೂಳು, ಟೈರು ಪುಡಿ, ಮಸಿ ಮೇಲಿನ ಎರಡು ಮೂರು ಅಂಗುಲದಲ್ಲೇ ನಿಲ್ಲುತ್ತವೆ. ಸೀಸದಂಥ ಲೋಹಗಳ ಬಹುಪಾಲು ಇಂಥ ಕಣಗಳಿಗೇ ಅಂಟಿಕೊಂಡಿರುವುದರಿಂದ ಅವೂ ಅಲ್ಲೇ ನಿಲ್ಲುತ್ತವೆ.

ಆದರೆ ಬಟ್ಟೆ ಮಾಡದ ಇನ್ನೆರಡು ಕೆಲಸವನ್ನು ಮಣ್ಣು ಮಾಡುತ್ತದೆ. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ನಾವು ಬೂದಿ ಹಾಕುತ್ತೇವೆ, ಬೂದಿ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಕಳಿತ ಸಾವಯವ ಪದಾರ್ಥ ಮತ್ತು ಇದ್ದಿಲು ಹಾಗೆಯೇ ಡೀಸೆಲ್, ಆಯಿಲ್, ನೀರಿನಲ್ಲಿ ಕರಗಿದ ಒಂದಷ್ಟು ಲೋಹವನ್ನು ಮೈಗೆ ಅಂಟಿಸಿಕೊಳ್ಳುತ್ತವೆ. ಆಮೇಲೆ ಮಳೆ ಮಳೆಯ ನಡುವಿನ ಬಿಡುವಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಆ ಎಣ್ಣೆಯನ್ನು ತಿಂದು ಮುಗಿಸುತ್ತವೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವುದೂ ಇಂಥ ಸೂಕ್ಷ್ಮಜೀವಿಗಳೇ ಅಲ್ಲವೇ? ಅಲ್ಲಿಯಂತೆ ಇಲ್ಲಿಯೂ ಅವಕ್ಕೆ ಸಮಯ ಬೇಕು. ಅದಕ್ಕೇ ನೀರು ಸರ್ರನೆ ಇಳಿದುಹೋಗಬಾರದು, ದಿನಗಟ್ಟಲೆ ನಿಲ್ಲಲೂ ಬಾರದು.

ಸೋಸುಪಾತಿ ಹಿಡಿಯದೆ ಬಿಡುವುದೂ ಇದೆ. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ, ಏಕೆಂದರೆ ಹಸುವಿಗೆ ಸಂಬಂಧಪಟ್ಟದ್ದು ಇಲ್ಲೇ ಇದೆ. ಉಪ್ಪು ಹಿಡಿಯುವುದಿಲ್ಲ. ನೈಟ್ರೇಟ್ ಹಿಡಿಯುವುದಿಲ್ಲ. ಯೂರಿಯಾ, ಸಗಣಿ, ಗಂಜಲ, ಚರಂಡಿ ಎಲ್ಲದರಿಂದಲೂ ಹುಟ್ಟುವ ಈ ನೈಟ್ರೇಟ್ ನೀರಿನ ಜೊತೆಗೇ ಇಳಿದುಹೋಗುತ್ತದೆ. ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಉಸಿರ್ಗಾಳಿಯನ್ನು ಹೊರಲಾರದು, ಚಾಕಲೇಟಿನಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒಣಗುವ ಹಂತದಲ್ಲಿದ್ದ ಜೋಳದ ಮೇವು ತಿಂದು, ಮೇಲೆ ಇಂಥ ನೀರನ್ನೂ ಕುಡಿದ ರಾಸಿಗೆ ಎರಡೂ ಸೇರಿ ಅಪಾಯ ಹೆಚ್ಚು. ರೋಗಾಣುಗಳು ಸೋಸುಪಾತಿಯಲ್ಲಿ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಇಲಿ, ನಾಯಿ, ಹಸುಗಳ ಗಂಜಲದಿಂದ ಬರುವ ಲೆಪ್ಟೊಸ್ಪೈರಾ ಮಳೆಗಾಲದ ನಿಂತ ನೀರಿನಲ್ಲಿ ಬದುಕಿರುತ್ತದೆ. ಗಬ್ಬದ ಹಸು ಕಂದು ಹಾಕುವುದಕ್ಕೆ, ಹಾಲು ಇದ್ದಕ್ಕಿದ್ದಂತೆ ಇಳಿಯುವುದಕ್ಕೆ ಅದೊಂದು ಕಾರಣ. ನಮಗೂ ಅದೇ ಇಲಿಜ್ವರ.

ಹಾಗಾಗಿ ಮೇಲಿನ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಸೋಸುಪಾತಿ ಇದ್ದರೂ ಹಾಲು ಕೊಡುವ ಹಸುವಿಗೆ ಕೊಟ್ಟಿಗೆಯ ತೊಟ್ಟಿಯಲ್ಲಿ ಬೋರ್‌ವೆಲ್ ಅಥವಾ ನಲ್ಲಿ ನೀರನ್ನೇ ಕೊಡಿ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಬೇಸಿಗೆಯಲ್ಲಿ ಕರೆಯುವ ಮಿಶ್ರತಳಿ ಹಸು ದಿನಕ್ಕೆ 60ರಿಂದ 80 ಲೀಟರ್, ಕೆಲವು ಅದಕ್ಕೂ ಹೆಚ್ಚು ಕುಡಿಯುತ್ತವೆ. ಕೆಚ್ಚಲು ಮತ್ತು ಕ್ಯಾನು ತೊಳೆಯಲು ಕೆರೆ ನೀರು ಬೇಡವೇ ಬೇಡ. ತಿಳಿಯಾಗಿ ಕಂಡರೂ ಅದರಲ್ಲಿನ ಸೂಕ್ಷ್ಮಜೀವಿ ಹಾಲಿಗೆ ಸೇರಿ ಎಂಬಿಆರ್‌ಟಿ ಸಮಯ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿ.

ಹಾಗಾದರೆ ಸೋಸುಪಾತಿ ಯಾಕೆ ಬೇಕು? ಮೇಯಲು ಬಿಟ್ಟ ರಾಸು, ಕರು, ಎಮ್ಮೆ, ಕುರಿ ಕೆರೆಗೆ ಇಳಿದೇ ಇಳಿಯುತ್ತವೆ, ತಡೆಯಲಾಗುವುದಿಲ್ಲ. ಇಳಿದಾಗ ತಳದ ಕೆಸರು ಕದಡುತ್ತದೆ. ವರ್ಷ ವರ್ಷ ರಸ್ತೆಯಿಂದ ಬಂದು ಕೂತ ಸೀಸ, ಸತು, ಆಯಿಲ್ ಎಲ್ಲ ಆ ಕೆಸರಿನಲ್ಲೇ ಇರುತ್ತವೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ನೇ ಇಸವಿಯಲ್ಲೇ ನಿಂತಿದೆ, ಅದು ದೊಡ್ಡ ಪುಣ್ಯ. ಆದರೆ ಹಳೆ ರಸ್ತೆ ಬದಿಯ ಮಣ್ಣಿಗೆ ಸೇರಿದ ಸೀಸ ಎಲ್ಲಿಗೂ ಹೋಗಿಲ್ಲ. ಚರಂಡಿಯ ಮೇಲ್ಭಾಗದಲ್ಲಿ ಬ್ಯಾಟರಿ ಅಂಗಡಿ ಇದ್ದರಂತೂ ಇಂದಿಗೂ ಬರುತ್ತಿರುತ್ತದೆ. ಕರುಗಳು ಏನನ್ನಾದರೂ ನೆಕ್ಕುತ್ತವೆ. ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ನಡುಗುವುದು ಕಂಡರೆ ಸೀಸದ ವಿಷವೂ ಇರಬಹುದು. ತಡಮಾಡದೆ ನಮಗೆ ಫೋನ್ ಮಾಡಿ. ಇನ್ನೊಂದು, ರಸ್ತೆ ಕೊಳೆಯ ಜೊತೆ ಬರುವ ರಂಜಕದಿಂದ ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟುತ್ತದೆ. ಅದರಲ್ಲಿ ಕೆಲವು ಜಾತಿಗಳು ವಿಷ, ಯಕೃತ್ತಿಗೇ ಹೊಡೆಯುತ್ತವೆ. ಹಾಗೆ ಹಸಿರಾದ ಕೆರೆಗೆ ದನ ಬಿಡಲೇಬೇಡಿ.

ಇನ್ನು ಮಾಡುವ ವಿಧಾನ. ವಾಷಿಂಗ್ಟನ್ ರಾಜ್ಯದಲ್ಲಿ ಬಹಳ ಕಾಲ ಬಳಸಿದ ಅಳತೆ 60 ಭಾಗ ಮರಳು, 40 ಭಾಗ ಕಾಂಪೋಸ್ಟ್, ಆಳ ಒಂದೂವರೆ ಅಡಿ. ಅದು ಎಣ್ಣೆ, ಲೋಹಗಳನ್ನು ಚೆನ್ನಾಗಿ ಹಿಡಿಯಿತು. ಆದರೆ ಕಾಂಪೋಸ್ಟಿನಿಂದಲೇ ನೈಟ್ರೇಟ್, ರಂಜಕ, ತಾಮ್ರ ಮೊದಲ ಮಳೆಗಳಲ್ಲಿ ತೊಳೆದು ಹೊರಬರುವುದನ್ನು ಕಂಡರು. ಕೆರೆ ಹತ್ತಿರ ಇರುವಲ್ಲಿ ಅದು ಸಲ್ಲದು ಎಂದು ಇನ್ನೊಂದು ಮಿಶ್ರಣ ತಂದರು. 70 ಭಾಗ ಮರಳು, 20 ಭಾಗ ತೆಂಗಿನ ನಾರಿನ ಪುಡಿ, 10 ಭಾಗ ಮರದ ಇದ್ದಿಲು. ತಿಪಟೂರು ಕಡೆ ನಾರಿನ ಕಾರ್ಖಾನೆಗಳ ಬಳಿ ಈ ಪುಡಿ ಗುಡ್ಡೆ ಬಿದ್ದಿರುವುದನ್ನು ನೋಡಿದವರಿಗೆ ಇದು ಸಿಗದ ಸಾಮಗ್ರಿಯಲ್ಲ ಎಂದು ಗೊತ್ತು. ನಾವು ಬಾಂಡ್ಲಿಯಲ್ಲಿ ಅಳೆಯಬಹುದು. ಏಳು ಬಾಂಡ್ಲಿ ಮರಳಿಗೆ ಎರಡು ಬಾಂಡ್ಲಿ ನಾರಿನ ಪುಡಿ, ಒಂದು ಬಾಂಡ್ಲಿ ಪುಡಿ ಮಾಡಿದ ಇದ್ದಿಲು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುವುದರಿಂದ ಒಂದೆರಡು ಸಲ ನೀರಿನಲ್ಲಿ ನೆನೆಸಿ ಬಸಿಯಿರಿ. ಎಂ-ಸ್ಯಾಂಡ್ ಆದರೆ ಕಾಂಕ್ರೀಟಿಗೆ ಬಳಸುವ ದಪ್ಪದ್ದನ್ನು ತೊಳೆದು ಹಾಕಿ. ಗಾರೆಗೆ ಬಳಸುವ ಸಣ್ಣದರಲ್ಲಿನ ಕಲ್ಲುಪುಡಿ ಪಾತಿಯನ್ನು ಕಟ್ಟಿಹಾಕುತ್ತದೆ. ಎರೆಮಣ್ಣು, ಜೇಡಿ ಬೇಡ, ಕೆಂಪುಮಣ್ಣೂ ಬೇಡ.

ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಗಣಿಯಿಂದ ಎಲ್ಲ ಶುದ್ಧವಾಗುತ್ತದೆ ಎಂಬ ನಂಬಿಕೆಯಿಂದ ಇದಕ್ಕೆ ಹಸಿ ಸಗಣಿ ಸುರಿಯಬೇಡಿ, ಅರೆ ಕಳಿತ ತಿಪ್ಪೆಗೊಬ್ಬರವನ್ನೂ ಹಾಕಬೇಡಿ. ಹೊಲಕ್ಕೆ ಅದು ಬಂಗಾರ. ಇಲ್ಲಿ ಹಾಕಿದರೆ ಗೊಬ್ಬರದ ಸಾರವನ್ನು ನಾವೇ ಕೆರೆಗೆ ಬಿಟ್ಟು ಪಾಚಿ ಬೆಳೆಸಿದಂತೆ. ಕೊಟ್ಟಿಗೆ ತೊಳೆದ ನೀರನ್ನೂ ಇದಕ್ಕೆ ತಿರುಗಿಸಬಾರದು, ಅದು ಗೋಬರ್ ಗ್ಯಾಸ್ ಗುಂಡಿಗೋ ಮೇವಿನ ಮಡಿಗೋ ಹೋಗಲಿ.

ಅಳತೆಗೆ ಒಂದು ಉದಾಹರಣೆ. 300 ಅಡಿ ಉದ್ದ, 12 ಅಡಿ ಅಗಲದ ಕಾಂಕ್ರೀಟ್ ರಸ್ತೆ ಎಂದರೆ 3,600 ಚದರ ಅಡಿ. ಅದರ ನೂರಕ್ಕೆ ಐದು ಭಾಗ, ಅಂದರೆ 180 ಚದರ ಅಡಿಯ ಪಾತಿ, 30 ಅಡಿಗೆ 6 ಅಡಿ. ಆ ರಸ್ತೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹರಿಯುವುದು ಸುಮಾರು 3,300 ಲೀಟರ್. ಪಾತಿಯ ಮೇಲೆ ಅರ್ಧ ಅಡಿ ನೀರು ನಿಲ್ಲುವಂತೆ ತಗ್ಗು ಬಿಟ್ಟರೆ ಅಲ್ಲೇ 2,500 ಲೀಟರ್ ಹಿಡಿಯುತ್ತದೆ, ಉಳಿದದ್ದು ಒಳಗಿನ ಮರಳಿನ ಸಂದುಗಳಲ್ಲಿ. ಅಂದರೆ ಮೊದಲ ಹೊಡೆತದ, ಎಲ್ಲಕ್ಕಿಂತ ಕೊಳೆಯಾದ ನೀರು ಪೂರ್ತಿ ಸೋಸಿಕೊಂಡು ಹೋಗುತ್ತದೆ. ಆಮೇಲೆ ಬರುವ ದೊಡ್ಡ ಮಳೆಗೆ ಕೆರೆ ಕೋಡಿಯಂತೆ ಪಾತಿಯ ಒಂದು ಬದಿಗೆ ಕಲ್ಲಿನ ಕೋಡಿ ಇಡಬೇಕು, ಇಲ್ಲದಿದ್ದರೆ ಪಾತಿಯೇ ಕೊಚ್ಚಿಹೋಗುತ್ತದೆ. ಮರಳು ಎರಡು ಟ್ರ್ಯಾಕ್ಟರ್ ಲೋಡು ಸಾಕು. ತಳದಲ್ಲಿ ಅರ್ಧ ಅಡಿ ಜಲ್ಲಿ, ಅದರೊಳಗೆ ತೂತು ಕೊರೆದ ಪಿವಿಸಿ ಪೈಪು, ಪೈಪಿನ ಇನ್ನೊಂದು ತುದಿ ಕೆರೆಯ ಕಡೆಗೆ. ಚರಂಡಿಯಿಂದ ನೀರು ಪಾತಿಗೆ ಬೀಳುವ ಜಾಗದಲ್ಲಿ ಒಂದು ಸಣ್ಣ ಹೂಳು ಗುಂಡಿ ಮತ್ತು ಕಬ್ಬಿಣದ ಜಾಲರಿ ಇರಲಿ. ಪ್ಲಾಸ್ಟಿಕ್ ಕವರು ಅಲ್ಲೇ ನಿಂತರೆ ಅರ್ಧ ಕೆಲಸ ಆದಂತೆ. ಹಸುವಿನ ಹೊಟ್ಟೆ ಕೊಯ್ದು ಕವರಿನ ಗಂಟು ತೆಗೆದವರಿಗೆ ಅದರ ಬೆಲೆ ಗೊತ್ತು.

ಮಳೆ ನಿಂತ ಮೇಲೆ ಒಂದು ದಿನದಲ್ಲಿ, ಹೆಚ್ಚೆಂದರೆ ಎರಡು ದಿನದಲ್ಲಿ ನಿಂತ ನೀರು ಇಳಿದಿರಬೇಕು. ವಾರದಷ್ಟು ನಿಂತರೆ ಸೊಳ್ಳೆ ಮರಿಯಾಗುತ್ತದೆ. ಇಳಿಯುತ್ತಿಲ್ಲ ಎಂದರೆ ಮೇಲಿನ ಪದರ ಕಟ್ಟಿದೆ ಎಂದು ಅರ್ಥ, ಎರಡು ಮೂರು ಅಂಗುಲ ಕೆರೆದು ಹೊಸ ಮರಳಿನ ಮಿಶ್ರಣ ಹಾಕಬೇಕು. ಕೆರೆದ ಮಣ್ಣಿನಲ್ಲಿ ಲೋಹವೆಲ್ಲ ಸೇರಿರುತ್ತದೆ. ಅದನ್ನು ಹೊಲಕ್ಕೆ, ತಿಪ್ಪೆಗೆ, ತರಕಾರಿ ಮಡಿಗೆ ಹಾಕಬೇಡಿ. ರಸ್ತೆ ಕೆಲಸದ ಒಳಭರ್ತಿಗೆ ಹೋಗಲಿ.

ಪಾತಿಯ ಮೇಲೆ ಲಾವಂಚ, ಜೊಂಡು, ಕಾಬಾಳೆ ನೆಡಬಹುದು. ಬೇರು ಮರಳನ್ನು ಸಡಿಲವಾಗಿಡುತ್ತದೆ. ನೇಪಿಯರ್ ನೆಟ್ಟರೆ ಸೊಂಪಾಗಿ ಬೆಳೆಯುತ್ತದೆ, ಅದೇ ತೊಂದರೆ. ಬೇಸಿಗೆಯಲ್ಲಿ ಹಸಿರು ಮೇವಿಗೆ ಪರದಾಡುವಾಗ ಯಾರಾದರೂ ಕೊಯ್ದು ತಂದೇ ತರುತ್ತಾರೆ. ಕೊಳೆ ಹಿಡಿಯಲೆಂದು ಮಾಡಿದ ಜಾಗದ ಹುಲ್ಲು ಹಸುವಿನ ಗೋದಲಿಗೆ ಬರಬಾರದು. ದನ ತಿನ್ನದ ಗಿಡವನ್ನೇ ನೆಟ್ಟು ಸುತ್ತ ಬೇಲಿ ಹಾಕಿ.

ಬೋರ್‌ವೆಲ್ ಮರುಪೂರಣದ ಇಂಗುಗುಂಡಿ ಇದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಕೇಸಿಂಗ್ ಸುತ್ತ ದಪ್ಪ ಕಲ್ಲು, ಜಲ್ಲಿ ತುಂಬಿ ರಸ್ತೆ ನೀರು ಬಿಟ್ಟರೆ ಆಯಿಲ್, ನೈಟ್ರೇಟ್, ರೋಗಾಣು ನೇರವಾಗಿ ನಾವು ಕುಡಿಯುವ ನೀರಿಗೇ ಹೋಗುತ್ತವೆ. ಇಂಗುಗುಂಡಿಗೆ ಚಾವಣಿ ನೀರು ಒಳ್ಳೆಯದು. ರಸ್ತೆ ನೀರು ಬಿಡಲೇಬೇಕಾದರೆ ಸೋಸುಪಾತಿ ದಾಟಿಯೇ ಬರಲಿ, ಆಗಲೂ ಕುಡಿಯುವ ಬೋರ್‌ವೆಲ್ ಪಕ್ಕದಲ್ಲಿ ಬೇಡ.

ಒಳಚರಂಡಿ ನೀರು ಬರುವಲ್ಲಿ ಈ ಪಾತಿ ಉಪಯೋಗಕ್ಕೆ ಬರದು. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಬೈರಮಂಗಲ ಕೆರೆಗೆ ಹೋಗುವುದನ್ನು ಬಿಡದಿ ಕಡೆಯವರು ನೋಡಿದ್ದೀರಿ. ಅಂಥದ್ದಕ್ಕೆ ಶುದ್ಧೀಕರಣ ಘಟಕವೇ ಬೇಕು. ಬೇಸಿಗೆಯಲ್ಲೂ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ ಎಂದು ತಿಳಿಯಿರಿ, ಮೊದಲು ಅದನ್ನು ತಪ್ಪಿಸಬೇಕು.

ಸೋಸುಪಾತಿ ಬರುವುದು ರಸ್ತೆ ಬದಿಯಲ್ಲೋ ಕೆರೆ ಅಂಗಳದ ಅಂಚಿನಲ್ಲೋ ಆದ್ದರಿಂದ ಪಂಚಾಯಿತಿ ಒಪ್ಪಿಗೆ ಬೇಕೇ ಬೇಕು. ಮಹಿಳಾ ಸಂಘದ ಸದಸ್ಯೆಯರು ಈ ಮುಂಗಾರಿನ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಕೆರೆಯ ಮೇಲ್ಭಾಗಕ್ಕೆ ನಡೆಯಿರಿ. ನೀರು ಎಷ್ಟು ಬಾಯಿಗಳಿಂದ ಕೆರೆಗೆ ಇಳಿಯುತ್ತಿದೆ, ಯಾವುದರಲ್ಲಿ ಕಪ್ಪು ನೀರು, ಯಾವುದರಲ್ಲಿ ಎಣ್ಣೆಯ ಬಣ್ಣ ಎಂದು ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎಲ್ಲ ಬಾಯಿಗಳಿಗೂ ಒಮ್ಮೆಲೇ ಆಗುವುದಿಲ್ಲ, ಅತಿ ಕೊಳೆಯಾದ ಒಂದನ್ನು ಆರಿಸಿ. ಆ ಫೋಟೋ ಮತ್ತು ಮೇಲಿನ ಅಳತೆ ಹಿಡಿದು ಗ್ರಾಮಸಭೆಗೆ ಹೋಗಿ, ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸಲು ಬರಹದಲ್ಲಿ ಕೇಳಿ. ಪಂಚಾಯಿತಿ ಎಂಜಿನಿಯರು ಜಾಗ ನೋಡಲು ಬರುವ ದಿನ ತಿಳಿಸಿದರೆ ನಾವೂ ಬರುತ್ತೇವೆ.